ಹೊರೆ ಕಮಾನಿನದು, ಹಿಡಿತ ಶಾಕಪ್ಪಿನದು

ಖಾನಾಪುರ ಮಣ್ಣಿನ ಊರು. ಇಲ್ಲಿಯ ಹೆಂಚು, ಇಟ್ಟಿಗೆ, ಗಡಿಗೆಗಳಿಗೆ ಸುತ್ತಲಿನ ಸೀಮೆಯಲ್ಲೆಲ್ಲ ಹೆಸರಿದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿದೆ. ಸುಟ್ಟ ಗಡಿಗೆಗಳನ್ನು ಗಾಡಿಗೆ ಹೇರುವಾಗ ಕೆಳಗೆ ಒಂದು ಮೊಳ ಭತ್ತದ ಹುಲ್ಲು ಹಾಸುತ್ತಾರೆ, ಗಡಿಗೆ ಗಡಿಗೆಗಳ ನಡುವೆ ಹುಲ್ಲು ತುರುಕುತ್ತಾರೆ. ಆ ಹುಲ್ಲನ್ನು ಅಂಗೈಯಿಂದ ಅದುಮಿ ನೋಡಿ. ಅದು ಒಳಗೆ ಹೋಗುತ್ತದೆ. ಕೈ ತೆಗೆಯಿರಿ, ನಿಧಾನವಾಗಿ ಮೇಲೇಳುತ್ತದೆ. ರಬ್ಬರ್ ಚೆಂಡಿನಂತೆ ಪುಟಿಯುವುದಿಲ್ಲ. ಎಳೆಗೆ ಎಳೆ ಉಜ್ಜಿ, ಅದುಮಿದ ಶಕ್ತಿಯ ಬಹುಪಾಲು ಅಲ್ಲಿಯೇ ಬಿಸಿಯಾಗಿ ಕರಗುತ್ತದೆ.

ಹುಲ್ಲು ಎರಡು ಕೆಲಸ ಮಾಡುತ್ತದೆ. ಪೆಟ್ಟಿಗೆ ಬಗ್ಗುವುದು ಒಂದು; ತಿಂದ ಪೆಟ್ಟನ್ನು ತಿರುಗಿ ಕೊಡದಿರುವುದು ಇನ್ನೊಂದು. ಮೋಟಾರು ಗಾಡಿಯಲ್ಲಿ ಈ ಎರಡು ಕೆಲಸಗಳನ್ನು ಎರಡು ಬೇರೆ ಭಾಗಗಳಿಗೆ ಹಂಚಿದ್ದಾರೆ. ಬಗ್ಗುವುದು ಕಮಾನಿನ ಕೆಲಸ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಾಟಾಗಳ ಕೆಲಸ. ತಿರುಗಿ ಕೊಡದಂತೆ ತಡೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಗ್ಯಾರೇಜಿನವರ ಬಾಯಲ್ಲಿ ಅದು ಶಾಕಪ್. ಹೆಸರು ಕೇಳಿದರೆ ಆಘಾತವನ್ನೆಲ್ಲ ಅದೇ ಹೀರುತ್ತದೆ ಅನ್ನಿಸುತ್ತದೆ. ನಿಜವಾಗಿ ಆಘಾತ ಹೀರುವುದು ಕಮಾನು. ಕುಣಿಯುವ ಕಮಾನನ್ನು ಹಿಡಿದು ಕೂರಿಸುವುದು ಶಾಕಪ್. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ, ಹಳೆಯ ಗಾಡಿಗೆ ಹೊಸ ಶಾಕಪ್ ಆರಿಸುವಾಗ ಆಗುವ ಮುಕ್ಕಾಲು ತಪ್ಪು ತಪ್ಪುತ್ತದೆ.

ಕುಣಿತ ಎಲ್ಲಿಂದ ಬರುತ್ತದೆ

ನಮ್ಮ ಚಕ್ಕಡಿಗೆ ಕಮಾನಿಲ್ಲ. ಗಾಲಿ ಕಲ್ಲಿನ ಮೇಲೆ ಏರಿದರೆ ಚೀಲವೂ ಏರುತ್ತದೆ, ಕೂತವನೂ ಏರುತ್ತಾನೆ. ಟಾಂಗಾಕ್ಕೆ ಕಮಾನು ಬಂತು, ಸವಾರಿ ಹಗುರಾಯಿತು. ಕುದುರೆಯ ವೇಗಕ್ಕೆ ಪಾಟಾಗಳು ಒಂದಕ್ಕೊಂದು ಉಜ್ಜುವ ತಡೆಯೇ ಸಾಕಾಗುತ್ತಿತ್ತು. ಮೋಟಾರು ಬಂದು ವೇಗ ಏರಿದಾಗ ಅದು ಸಾಲದಾಯಿತು. 1900ರ ಆಸುಪಾಸಿನಲ್ಲಿ ಫ್ರಾನ್ಸಿನ ಟ್ರುಫೋ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಉಜ್ಜಿಸುವ ತಡೆಯನ್ನು ಮಾಡಿದ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕ್ಲಾಡ್ ಫಾಸ್ಟರ್ ಪಟ್ಟಿ ಸುತ್ತಿದ ‘ಸ್ನಬರ್’ ತಂದ. ಗೇಬ್ರಿಯಲ್ ಎಂಬ ಹಾರ್ನ್ ಮಾಡುತ್ತಿದ್ದ ಅವನ ಕಂಪನಿಯ ಹೆಸರೇ ಶಾಕಪ್ಪಿಗೂ ಅಂಟಿತು. 1961ರಲ್ಲಿ ಶುರುವಾದ ಗೇಬ್ರಿಯಲ್ ಇಂಡಿಯಾದಿಂದ ಆ ಹೆಸರು ನಮ್ಮ ಬಿಡಿಭಾಗದ ಅಂಗಡಿಗಳಿಗೂ ಬಂತು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ನಾಲ್ಕೂ ಗಾಲಿಗೆ ಕಮಾನು, ಕೊಳವೆಯೊಳಗೆ ಎಣ್ಣೆ ತುಂಬಿದ ಶಾಕಪ್ ಇದ್ದವು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಅದೇ ಜೀಪನ್ನು ಭಾರತದಲ್ಲಿ ಜೋಡಿಸತೊಡಗಿತು; 1965ರಲ್ಲಿ ಎಫ್‌ಸಿ-150 ಎಂಬ ಹೊರೆಗಾಡಿಯನ್ನೂ ತಂದಿತು. ಇಂದು ಬೆಳಗಾವಿ, ಖಾನಾಪುರಗಳಲ್ಲಿ ಯಾರಾದರೂ ಹಳೆಯ ಜೀಪ್ ಪಿಕಪ್ ಉಳಿಸಿಕೊಂಡಿದ್ದರೆ ಅದು ಈ ವಂಶದ್ದು.

ಕಮಾನಿನ ಮೇಲೆ ಕೂತ ಭಾರ ತನ್ನದೇ ಲಯದಲ್ಲಿ ಕುಣಿಯುತ್ತದೆ. ಕಮಾನು ಗಟ್ಟಿಯಾದಷ್ಟೂ ಕುಣಿತ ಚುರುಕು. ಭಾರ ಹೆಚ್ಚಾದಷ್ಟೂ ನಿಧಾನ. ಈ ಕುಣಿತವನ್ನು ಅಡಗಿಸುವ ತಡೆಗೆ ವಿಜ್ಞಾನದಲ್ಲಿ ಅವಮಂದನ ಎನ್ನುತ್ತಾರೆ. ಒಮ್ಮೆ ಅದುಮಿ ಬಿಟ್ಟ ಗಾಡಿ ಒಂದು ಸಲವೂ ಕುಣಿಯದೆ ನೇರ ತನ್ನ ಜಾಗಕ್ಕೆ ಬಂದು ನಿಲ್ಲಲು ಬೇಕಾದ ಕನಿಷ್ಠ ತಡೆಯನ್ನು 1 ಎಂದು ಇಟ್ಟುಕೊಳ್ಳೋಣ. ಅಷ್ಟು ತಡೆ ಇದ್ದರೆ ಗಾಡಿ ಕಲ್ಲುಗಲ್ಲಿಗೂ ಬೆನ್ನಿಗೆ ಗುದ್ದುತ್ತದೆ. ಅದಕ್ಕೇ ಸಾಮಾನ್ಯ ಗಾಡಿಗಳಲ್ಲಿ 0.2ರಿಂದ 0.4ರ ವರೆಗೆ ಇಡುತ್ತಾರೆ. ತಡೆ 0.3 ಇದ್ದರೆ 10 ಸೆಂ.ಮೀ. ಎತ್ತರದ ಕುಣಿತ ಒಂದು ಸುತ್ತಿನಲ್ಲಿ 1.4 ಸೆಂ.ಮೀ.ಗೆ ಇಳಿಯುತ್ತದೆ. 0.1ಕ್ಕೆ ಕುಸಿದರೆ ಅದೇ ಒಂದು ಸುತ್ತಿನ ನಂತರವೂ 5 ಸೆಂ.ಮೀ.ಗಿಂತ ಹೆಚ್ಚು ಉಳಿದಿರುತ್ತದೆ. ಅಷ್ಟರಲ್ಲಿ ಮುಂದಿನ ತಗ್ಗು ಬಂದಿರುತ್ತದೆ.

ಮಚ್ಛೆಯ ವಾಲ್ವು, ಶಾಕಪ್ಪಿನ ವಾಲ್ವು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿ ಒಂದು ಎಂಜಿನಿಯರಿಂಗ್ ಪಾಠಶಾಲೆಯಂತಿದೆ. ಊರು ದಾಟುವಾಗ ಉದ್ಯಮಬಾಗದ ಎರಕದ ಕಾರ್ಖಾನೆಗಳು, ಲೇತ್ ಮಶೀನುಗಳ ಸಾಲು. ಮುಂದೆ ಪೀರನವಾಡಿ, ಅಲ್ಲಿ ಜಾಂಬೋಟಿ, ಚೋರ್ಲಾ ಘಾಟಿನ ದಾರಿ ಬಲಕ್ಕೆ ಒಡೆಯುತ್ತದೆ. ಖಾನಾಪುರದ ಕಡೆ ಸಾಗಿದರೆ ಮಚ್ಛೆಯ ಕೈಗಾರಿಕಾ ವಸಾಹತು. ಸುರೇಶ ಹುಂದ್ರೆ ಕಟ್ಟಿದ ಪಾಲಿಹೈಡ್ರಾನ್ ಕಂಪನಿ ಹೈಡ್ರಾಲಿಕ್ ವಾಲ್ವುಗಳಿಗೆ ಹೆಸರಾದದ್ದು ಇಲ್ಲಿಂದ. ಇವು ಪ್ರೆಸ್ಸು, ಮಶೀನುಗಳಿಗೆ ಬೇಕಾದ ವಾಲ್ವುಗಳು, ಶಾಕಪ್ಪಿನವಲ್ಲ. ಆದರೆ ತತ್ತ್ವ ಒಂದೇ. ಎಣ್ಣೆಯ ಒತ್ತಡ ಮಿತಿ ಮೀರುವವರೆಗೆ ಒಂದು ಸ್ಪ್ರಿಂಗು ಬಾಗಿಲನ್ನು ಮುಚ್ಚಿ ಹಿಡಿದಿರುತ್ತದೆ. ಮೀರಿದಾಗ ಬಾಗಿಲು ಬೇಕಾದಷ್ಟೇ ತೆರೆಯುತ್ತದೆ.

ಶಾಕಪ್ಪನ್ನು ಉದ್ದಕ್ಕೆ ಸೀಳಿ ನೋಡಿದರೆ ಇದೇ ಕಾಣುತ್ತದೆ. ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ರಾಡಿನ ತುದಿಗೆ ಕೂತು ಓಡಾಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು, ತೂತುಗಳ ಮೇಲೆ ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳು. ರಾಡು ನಿಧಾನವಾಗಿ ಸರಿದರೆ ಎಣ್ಣೆ ಸಣ್ಣ ಕಿಂಡಿಯಲ್ಲೇ ನುಸುಳುತ್ತದೆ. ರಭಸದಿಂದ ಸರಿದರೆ ಬಿಲ್ಲೆಗಳು ಬಾಗಿ ದಾರಿ ಬಿಡುತ್ತವೆ. ಇಲ್ಲದಿದ್ದರೆ ಒಂದು ದೊಡ್ಡ ತಗ್ಗಿಗೆ ಬ್ರಾಕೆಟ್ಟೇ ಕಿತ್ತುಬರುತ್ತಿತ್ತು. ಗಾಲಿ ಮೇಲೇರುವಾಗ ತಡೆ ಕಡಿಮೆ, ಕೆಳಗಿಳಿಯುವಾಗ ಹೆಚ್ಚು ಇರುವಂತೆ ಬಿಲ್ಲೆಗಳನ್ನು ಜೋಡಿಸಿರುತ್ತಾರೆ. ಏರುವಾಗ ಕಮಾನೇ ತಡೆಯುತ್ತದೆ. ಇಳಿಯುವಾಗ ಕಮಾನಿನಲ್ಲಿ ಕೂಡಿಟ್ಟ ಶಕ್ತಿ ಹೊರಬರುತ್ತದೆ, ಅದನ್ನು ಹಿಡಿಯಬೇಕಾದದ್ದು ಶಾಕಪ್ಪೇ.

ಹಾಗೆ ಹಿಡಿದ ಶಕ್ತಿ ಬಿಸಿಯಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಹೊರೆಗಾಡಿಯ ಹಿಂದಿನ ಎರಡು ಶಾಕಪ್ ಸೇರಿ ಸುಮಾರು 500 ವ್ಯಾಟ್ ಶಾಖ ಹುಟ್ಟಿಸಬಲ್ಲವು, ನೀರು ಕಾಯಿಸುವ ಒಂದು ಸಣ್ಣ ಕಾಯಿಲಿನಷ್ಟು. ಬಿಸಿಯಾದ ಎಣ್ಣೆ ತೆಳುವಾಗುತ್ತದೆ. ಒಳಗಿನ ಗಾಳಿಯೊಂದಿಗೆ ಕಲೆತರೆ ನೊರೆಯಾಗುತ್ತದೆ. ನೊರೆಗೆ ತಡೆಯುವ ಕಸುವಿಲ್ಲ. ಬೆಳಗಾವಿಯಲ್ಲಿ ಸರಿಯಿದ್ದ ಗಾಡಿ ಜಾಂಬೋಟಿ ದಾಟುವಷ್ಟರಲ್ಲಿ ಕುಣಿಯತೊಡಗುವುದಕ್ಕೆ ಒಂದು ಕಾರಣ ಇದು.

“ಹಿಂದ ಎತ್ತಿ ಎತ್ತಿ ಒಗೀತೈತ್ರಿ”

ಹಳೆಯ ಪಿಕಪ್ ತಂದವರು ಮಿಸ್ತ್ರಿಗೆ ಹೇಳುವ ಮೊದಲ ಮಾತು ಸಾಮಾನ್ಯವಾಗಿ ಇದೇ. ಮಿಸ್ತ್ರಿಯ ಉತ್ತರವೂ ಸಿದ್ಧ: “ಶಾಕಪ್ ಹೋಗ್ಯಾವ್ರಿ, ಹೊಸಾವ್ ಹಾಕೂಣು.” ಯಾವ ಗಾಡಿ ಎಂದು ಅಂಗಡಿಯವರು ಕೇಳುತ್ತಾರೆ, ಮಾಡೆಲ್ ಹೇಳಿದರೆ ಒಂದು ಜೋಡಿ ಕೊಡುತ್ತಾರೆ. ಕಾರ್ಖಾನೆಯಿಂದ ಬಂದಂತೆಯೇ ಉಳಿದ ಗಾಡಿಗೆ ಇದು ಸರಿ. ಆದರೆ ನಲವತ್ತು ವರ್ಷ ದುಡಿದ ಗಾಡಿ ಯಾವುದು ಹುಟ್ಟಿದಂತೆ ಉಳಿದೀತು? ಕಮಾನಿಗೆ ಪಾಟಾ ಸೇರಿರುತ್ತವೆ, ಟಾಯರ್ ದೊಡ್ಡದಾಗಿರುತ್ತದೆ, ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂದಿರುತ್ತದೆ. ಮಾಡೆಲ್ ಹೆಸರು ಗಾಡಿಯ ಹುಟ್ಟನ್ನು ಹೇಳುತ್ತದೆ. ಶಾಕಪ್ಪಿಗೆ ಬೇಕಾದದ್ದು ಅದರ ಇಂದಿನ ಸ್ಥಿತಿ.

ಲೆಕ್ಕಕ್ಕಾಗಿ ಒಂದು ಪಿಕಪ್ಪನ್ನು ಕಲ್ಪಿಸಿಕೊಳ್ಳೋಣ. ಖಾಲಿ ಇದ್ದಾಗ ಹಿಂದಿನ ಒಂದೊಂದು ಕಮಾನಿನ ಮೇಲೆ 250 ಕೆ.ಜಿ. ಖಾನಾಪುರದಿಂದ ಎಂಟು ಕ್ವಿಂಟಲ್ ಹೆಂಚು ಹೇರಿದಾಗ 650 ಕೆ.ಜಿ. ಮೂಲ ಕಮಾನು ಒಂದು ಮಿಲಿಮೀಟರ್ ಬಗ್ಗಲು 40 ನ್ಯೂಟನ್, ಅಂದರೆ ಸುಮಾರು 4 ಕೆ.ಜಿ. ಭಾರ ಬೇಕು. ಹೆಂಚು ಹೇರಿದೊಡನೆ ಅದು ಹತ್ತಿರ ಹತ್ತಿರ 10 ಸೆಂ.ಮೀ. ಕುಸಿಯಬೇಕು. ಆದರೆ ಎಕ್ಸೆಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಇರುವ ಅಂತರ 6 ಸೆಂ.ಮೀ. ಮಾತ್ರ. ಗಾಡಿ ರಬ್ಬರಿನ ಮೇಲೆ ಕೂತುಬಿಡುತ್ತದೆ. ಮಾಲೀಕ ಎರಡು ಪಾಟಾ ಸೇರಿಸುತ್ತಾನೆ. ಕಮಾನಿನ ಬಿಗುವು 60 ನ್ಯೂಟನ್ನಿಗೆ ಏರುತ್ತದೆ, ಹಿಂಭಾಗ 5 ಸೆಂ.ಮೀ. ಎದ್ದು ನಿಲ್ಲುತ್ತದೆ. ಈಗ ಎಂಟು ಕ್ವಿಂಟಲ್ಲಿಗೆ ಕುಸಿತ 6.5 ಸೆಂ.ಮೀ., ಬಂಪ್ ಸ್ಟಾಪಿಗೆ ಅಂತರ 11 ಸೆಂ.ಮೀ. ಹೊರೆಯ ಸಮಸ್ಯೆ ತೀರಿತು.

ಶಾಕಪ್ ಮಾತ್ರ ಹಳೆಯದೇ. ಅದರ ತಡೆಯ ಅಳತೆ 1900 ಎಂದಿಟ್ಟುಕೊಳ್ಳಿ: ರಾಡು ಸೆಕೆಂಡಿಗೆ 1 ಮೀಟರ್ ಸರಿದರೆ 1900 ನ್ಯೂಟನ್ ಎದುರೊತ್ತುವ ಶಾಕಪ್. ಮೂಲ ಕಮಾನಿನೊಂದಿಗೆ, ಖಾಲಿ ಗಾಡಿಗೆ ಅದು 0.3 ತಡೆ ಕೊಡುತ್ತಿತ್ತು, ಹೇಳಿಮಾಡಿಸಿದಂತೆ. ಪಾಟಾ ಸೇರಿದ ಮೇಲೆ ಖಾಲಿಗೆ 0.25ಕ್ಕೆ, ಹೊರೆ ತುಂಬಿದಾಗ 0.15ಕ್ಕೆ ಇಳಿಯುತ್ತದೆ. ಶಾಕಪ್ ಹೊಚ್ಚ ಹೊಸದಿದ್ದರೂ ಗಾಡಿ ಎತ್ತಿ ಒಗೆಯುತ್ತದೆ. ಅದೇ ಮಾಡೆಲಿನ ಹೊಸ ಜೋಡಿ ಹಾಕಿದರೆ ಹಣ ಹೋಗುತ್ತದೆ, ಕುಣಿತ ಹೋಗುವುದಿಲ್ಲ. ತಡೆ 2700ರ ಸುಮಾರಿನ ಶಾಕಪ್ ಹಾಕಿದರೆ ಖಾಲಿಗೆ 0.35, ಹೊರೆಗೆ 0.22 ಸಿಗುತ್ತದೆ, ಎರಡೂ ಹದದೊಳಗೆ ಬಂದವು. ಇನ್ನೂ ಗಟ್ಟಿ ಶಾಕಪ್ ಹಾಕಿದರೆ ಹೊರೆಗೆ ಚೆನ್ನ, ಖಾಲಿಗೆ ಕೆಟ್ಟದ್ದು. ಖಾಲಿ ತಿರುಗಾಟವೂ ಹೊರೆಯ ತಿರುಗಾಟವೂ ಸಮಸಮ ಇರುವವರಿಗೆ ತಡೆಯನ್ನು ತಿರುಗಿಸಿ ಹೊಂದಿಸಬಹುದಾದ ಶಾಕಪ್ಪಿಗೆ ಹೆಚ್ಚು ಹಣ ಕೊಡುವುದು ಸಾರ್ಥಕ.

ಟೇಪು ಹಿಡಿದು ಗಾಡಿಯ ಕೆಳಗೆ

ತಡೆಗಿಂತ ಮೊದಲು ಉದ್ದ. ಇದನ್ನು ಊಹಿಸಬಾರದು, ಅಳೆಯಬೇಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಟೇಪು ಹಿಡಿಯಿರಿ. ನಮ್ಮ ಪಿಕಪ್ಪಿನಲ್ಲಿ ಅದು 48 ಸೆಂ.ಮೀ. ಎನ್ನೋಣ. ಇನ್ನು ಶಾಕಪ್ ಬಿಚ್ಚಿ, ಚಾಸಿಗೆ ಜಾಕ್ ಕೊಟ್ಟು ಎತ್ತಿ, ಕೆಳಗೆ ಭದ್ರವಾದ ಸ್ಟ್ಯಾಂಡ್ ಇಟ್ಟು, ಎಕ್ಸೆಲನ್ನು ಜೋತುಬಿಡಿ. ಅಂತರ 56ಕ್ಕೆ ಹೋಯಿತು. ಆಮೇಲೆ ಎಕ್ಸೆಲಿನ ಒಂದು ತುದಿಗೆ ಜಾಕ್ ಹಚ್ಚಿ ಬಂಪ್ ಸ್ಟಾಪಿಗೆ ತಾಗುವವರೆಗೆ ಎತ್ತಿ. ಅಂತರ 37ಕ್ಕೆ ಬಂತು. ಹಾಗಾದರೆ ಬೇಕಾದ ಶಾಕಪ್ ಪೂರ್ತಿ ಮುಚ್ಚಿದಾಗ 36ಕ್ಕಿಂತ ಉದ್ದವಿರಬಾರದು, ಏಕೆಂದರೆ ಪೆಟ್ಟಿಗೆ ರಬ್ಬರೂ ಒಂದಿಷ್ಟು ಅದುಮಿಕೊಳ್ಳುತ್ತದೆ. ಪೂರ್ತಿ ಎಳೆದಾಗ 57ಕ್ಕಿಂತ ಗಿಡ್ಡ ಇರಬಾರದು.

ಮೂಲ ಶಾಕಪ್ 52ಕ್ಕೆ ಮುಗಿಯುವಂಥದ್ದಾಗಿದ್ದರೆ ಏನಾಗುತ್ತಿತ್ತು? ಪಾಟಾ ಸೇರಿಸಿ ಎತ್ತಿದ ಗಾಡಿಯ ಗಾಲಿ ತಗ್ಗಿಗೆ 4 ಸೆಂ.ಮೀ. ಇಳಿದೊಡನೆ ಶಾಕಪ್ಪಿನ ಎಳೆತ ಮುಗಿಯುತ್ತದೆ. ಮುಂದೆ ಇಡೀ ಎಕ್ಸೆಲಿನ ಭಾರ ಶಾಕಪ್ಪಿಗೆ ಜೋತುಬೀಳುತ್ತದೆ. ಬುಷ್ ಹರಿಯುತ್ತದೆ, ಒಳಗೆ ಪಿಸ್ಟನ್ ಬಡಿಯುತ್ತದೆ, ಕೊನೆಗೆ ಬೋಲ್ಟು ಹಾಯುವ ಕಿವಿಯೇ ಮುರಿಯುತ್ತದೆ. ತೀರಾ ಉದ್ದದ್ದು ಹಾಕಿದರೆ ಪೆಟ್ಟಿನಲ್ಲಿ ಶಾಕಪ್ಪೇ ಬಂಪ್ ಸ್ಟಾಪ್ ಆಗಿ, ರಾಡು ಬಾಗುತ್ತದೆ ಅಥವಾ ಚಾಸಿಯ ಬ್ರಾಕೆಟ್ ಸೀಳುತ್ತದೆ. ಎಕ್ಸೆಲ್ ಜೋತುಬಿಟ್ಟಾಗಲೇ ಬ್ರೇಕಿನ ಹೋಸ್ ಪೈಪನ್ನೂ ನೋಡಿ. ಎಲ್ಲಕ್ಕಿಂತ ಮೊದಲು ಅದೇ ಬಿಗಿಯಾಗುತ್ತಿದ್ದರೆ ಶಾಕಪ್ಪಿನ ಮಾತು ಆಮೇಲೆ, ಹೋಸಿನ ಕೆಲಸ ಮೊದಲು.

ಎರಡನೆಯದು ವಾರೆ. ಹಿಂದಿನ ಶಾಕಪ್ಪುಗಳು ಹಲವು ಗಾಡಿಗಳಲ್ಲಿ ನೆಟ್ಟಗಿರುವುದಿಲ್ಲ, ಓರೆಯಾಗಿರುತ್ತವೆ. ಓರೆಯಾದಷ್ಟೂ ಗಾಲಿಗೆ ಸಿಗುವ ತಡೆ ಕಡಿಮೆ, ಅದೂ ಎರಡು ಕಾರಣಕ್ಕೆ: ರಾಡು ಕಡಿಮೆ ಸರಿಯುತ್ತದೆ, ಹುಟ್ಟಿದ ಬಲದಲ್ಲೂ ಒಂದು ಪಾಲು ಮಾತ್ರ ಮೇಲೆ ಕೆಳಗೆ ದುಡಿಯುತ್ತದೆ. ನೆಟ್ಟಗಿನಿಂದ 20 ಡಿಗ್ರಿ ವಾಲಿದರೆ ನೂರಕ್ಕೆ 88 ಉಳಿಯುತ್ತದೆ, 30 ಡಿಗ್ರಿಗೆ 75, 45ಕ್ಕೆ ಅರ್ಧ. ಗಾಡಿ ಮಾರ್ಪಡಿಸುವಾಗ ಜಾಗ ಸಾಲದೆ ಬ್ರಾಕೆಟ್ಟನ್ನು ಆಚೀಚೆ ವೆಲ್ಡ್ ಮಾಡಿದ್ದರೆ ಈ ಲೆಕ್ಕ ತಪ್ಪಿರುತ್ತದೆ. ಒಂದು ಶಾಕಪ್ ಎಕ್ಸೆಲಿನ ಮುಂದೆ, ಇನ್ನೊಂದು ಹಿಂದೆ ಇರುವ ಪಿಕಪ್ಪುಗಳೂ ಉಂಟು. ಅದು ತಪ್ಪಲ್ಲ. ಬಲವಾಗಿ ಎಳೆಯುವಾಗ ಕಮಾನು ಮುರಿಗೆಯಾಗಿ ಎಕ್ಸೆಲ್ ತಿರುಚುವುದನ್ನು ಆ ಜೋಡಣೆ ಹಿಡಿಯುತ್ತದೆ. ಅದನ್ನು ‘ಸರಿಪಡಿಸಲು’ ಹೋಗಬೇಡಿ.

ಮೂರನೆಯದು ಬಗೆ. ಎರಡು ಕೊಳವೆಯ ಶಾಕಪ್ಪಿನಲ್ಲಿ ಪಿಸ್ಟನ್ ಒಳಕೊಳವೆಯಲ್ಲಿ ಓಡಾಡುತ್ತದೆ. ಹೊರಗಿನದು ಎಣ್ಣೆಯ ಕೊಠಡಿ. ಒಂದೇ ಕೊಳವೆಯದು ಫ್ರಾನ್ಸಿನ ದ ಕಾರ್ಬಾನ್ ಅವರ ಕಲ್ಪನೆ. 1950ರ ದಶಕದಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಅದನ್ನು ಮರ್ಸಿಡಿಸ್ ಕಾರುಗಳಿಗೆ ತಂದಿತು. ಅದರಲ್ಲಿ ಹೆಚ್ಚಿನ ಒತ್ತಡದ ನೈಟ್ರೋಜನ್ ಎಣ್ಣೆಯನ್ನು ಸದಾ ಒತ್ತಿ ಹಿಡಿದಿರುವುದರಿಂದ ನೊರೆ ಹುಟ್ಟುವುದಿಲ್ಲ, ಹೊರಗೋಡೆಯಿಂದಲೇ ಬಿಸಿ ಬೇಗ ಹೊರಹೋಗುತ್ತದೆ. ಆದರೆ ಪಿಸ್ಟನ್ ಹೊರಗೋಡೆಗೇ ತಾಗಿ ಓಡುತ್ತದೆ. ಗಾಲಿಯಿಂದ ಸಿಡಿದ ಒಂದು ಜಂಬಿಟ್ಟಿಗೆ ಕಲ್ಲು ಆ ಗೋಡೆಗೆ ತಗ್ಗು ಬೀಳಿಸಿದರೆ ಶಾಕಪ್ಪಿನ ಕತೆ ಮುಗಿಯಿತು. ಎರಡು ಕೊಳವೆಯದಕ್ಕೆ ಅಂಥ ತಗ್ಗು ಒಂದು ಗಾಯ ಮಾತ್ರ. ಅದಕ್ಕೇ ಖಾನಾಪುರದ ಕಲ್ಲುಹಾದಿಯಲ್ಲಿ ದುಡಿಯುವ ಕಮಾನಿನ ಗಾಡಿಗೆ ನಾನು ಹೇಳುವುದು ಕಡಿಮೆ ಒತ್ತಡದ ಗ್ಯಾಸ್ ಇರುವ, ದಪ್ಪ ಪಿಸ್ಟನ್ನಿನ ಎರಡು ಕೊಳವೆಯ ಶಾಕಪ್. ಪಿಸ್ಟನ್ 25 ಮಿ.ಮೀ.ನಿಂದ 35 ಮಿ.ಮೀ.ಗೆ ಏರಿದರೆ ಅದರ ವಿಸ್ತೀರ್ಣ ಸುಮಾರು ಎರಡು ಪಟ್ಟಾಗುತ್ತದೆ. ಅಷ್ಟೇ ತಡೆ ಅರ್ಧ ಒತ್ತಡಕ್ಕೆ ಸಿಗುತ್ತದೆ, ಎಣ್ಣೆಯೂ ಹೆಚ್ಚು ಹಿಡಿಯುತ್ತದೆ, ಸೀಲು ಬಾಳುತ್ತದೆ.

ಮಳೆಗಾಲದ ಪರೀಕ್ಷೆ

ಶಾಕಪ್ಪನ್ನು ಬರೀ ಮೈನೋವಿನ ಸಂಗತಿ ಎಂದುಕೊಂಡವರು ಬಹಳ. ಅದು ಬ್ರೇಕಿನ ಸಂಗತಿ. ಎಕ್ಸೆಲಿಗೂ ಅದರದೇ ಕುಣಿತವಿದೆ. ಟಾಯರು, ಕಮಾನು ಎರಡರ ನಡುವೆ ಸಿಕ್ಕ ಅದು ಸೆಕೆಂಡಿಗೆ ಸುಮಾರು 10 ಸಲ ಅದುರುತ್ತದೆ. ಗಂಟೆಗೆ 36 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 10 ಮೀಟರ್. ರಸ್ತೆಯಲ್ಲಿ ಮೀಟರಿಗೊಂದರಂತೆ ದಿನ್ನಿ ಇದ್ದರೆ ಪೆಟ್ಟುಗಳೂ ಸೆಕೆಂಡಿಗೆ 10. ತೂಗುವ ತೊಟ್ಟಿಲನ್ನು ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ನೂಕಿದಂತೆ ಅದುರು ಬೆಳೆಯುತ್ತದೆ. ತಡೆ ಇಲ್ಲದಿದ್ದರೆ ಟಾಯರ್ ನೆಲ ಬಿಡುತ್ತದೆ. ನೆಲ ಬಿಟ್ಟ ಟಾಯರಿಗೆ ಬ್ರೇಕಿಲ್ಲ, ಹಿಡಿತವಿಲ್ಲ. ಹಿಂಭಾಗ ಹಗುರಾದ ಖಾಲಿ ಪಿಕಪ್ಪಿಗೆ ಈ ಅಪಾಯ ಇನ್ನೂ ಹೆಚ್ಚು. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಯಲ್ಲಿ, ಚೋರ್ಲಾ ಘಾಟಿನ ತಿರುವಿನಲ್ಲಿ ಅದರ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಕಾರಿನ ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಇಲ್ಲಿ ನೆಚ್ಚಬೇಡಿ. ತುಕ್ಕು ಹಿಡಿದ ಪಾಟಾಗಳ ಉಜ್ಜಾಟವೇ ಗಾಡಿಯನ್ನು ನಿಲ್ಲಿಸಿ, ಸತ್ತ ಶಾಕಪ್ಪನ್ನು ಬದುಕಿದೆ ಎಂದು ತೋರಿಸುತ್ತದೆ. ಶಾಕಪ್ಪಿನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದೆಯೇ, ರಾಡಿನಲ್ಲಿ ತುಕ್ಕಿನ ಚುಕ್ಕೆಗಳಿವೆಯೇ, ಟಾಯರ್ ಅಲ್ಲಲ್ಲಿ ಬಟ್ಟಲಿನಂತೆ ಸವೆದಿದೆಯೇ, ಬುಷ್ಷಿನಲ್ಲಿ ರಬ್ಬರ್ ಉಳಿದಿದೆಯೇ, ಇವನ್ನು ನೋಡಿ. ಬಿಚ್ಚಿ ಕೈಯಲ್ಲಿ ಎಳೆದಾಗ ನಡುವೆ ಒಂದೆಡೆ ಸಡಿಲಾಗಿ ಜಾರಿದರೆ ಎಣ್ಣೆ ಕಡಿಮೆಯಾಗಿದೆ ಎಂದರ್ಥ. ಗ್ಯಾಸಿಲ್ಲದ ಹೊಸ ಎರಡು ಕೊಳವೆಯ ಶಾಕಪ್ಪನ್ನು ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕಾರು ಸಲ ಪೂರ್ತಿ ಎಳೆದು ಒತ್ತಿ. ಮಲಗಿಸಿಟ್ಟಾಗ ಸೇರಿದ ಗಾಳಿ ಹೊರಹೋಗುತ್ತದೆ. ಯಾವಾಗಲೂ ಜೋಡಿಯಾಗಿಯೇ ಬದಲಿಸಿ.

ಕೊನೆಗೆ ಒಂದು ಕೇಳಿಕೆ. ಹಿಂಭಾಗ ಕುಸಿದಿದೆ ಎಂದು ಶಾಕಪ್ಪಿಗೆ ಹೊರೆ ಹೊರಿಸಬೇಡಿ. ಗಾಳಿ ತುಂಬಿ ಎತ್ತುವ ಶಾಕಪ್, ಮೈಮೇಲೆ ಸ್ಪ್ರಿಂಗು ಸುತ್ತಿದ ಶಾಕಪ್ ಹಾಕಿದರೆ ಗಾಡಿ ಏಳುತ್ತದೆ ನಿಜ. ಆದರೆ ಕಮಾನಿನ ಹ್ಯಾಂಗರ್ ಹೊರಬೇಕಾದ ಭಾರವನ್ನು ಒಂದು ಬೆರಳು ದಪ್ಪದ ಬೋಲ್ಟು ಹೊರುತ್ತದೆ. ಕುಸಿದ ಕಮಾನಿಗೆ ಕಮಾನಿನ ರಿಪೇರಿಯೇ ಮದ್ದು. ಪಾಟಾ ಸೇರಿಸಿದ ಮಾತ್ರಕ್ಕೆ ಆರ್‌ಸಿ ಪುಸ್ತಕದಲ್ಲಿ ಬರೆದ ತೂಕ ಏರುವುದಿಲ್ಲ ಎಂಬುದೂ ನೆನಪಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಆರು ಅಂಕಿ ಬರೆದುಕೊಳ್ಳಿ: ನಿಂತಾಗಿನ ಉದ್ದ, ಜೋತಾಗಿನ ಉದ್ದ, ಮುಚ್ಚಿದಾಗಿನ ಉದ್ದ, ಎಷ್ಟು ಡಿಗ್ರಿ ವಾಲಿದೆ, ಖಾಲಿ ಗಾಡಿಯ ಹಿಂದಿನ ತೂಕ, ಹೊರೆ ತುಂಬಿದಾಗಿನ ತೂಕ. ತೂಕಕ್ಕೆ ವೇ ಬ್ರಿಜ್ ಇದೆ, ಉದ್ದಕ್ಕೆ ಟೇಪು ಸಾಕು. ಮಾಡೆಲ್ ಹೆಸರಿನ ಬದಲು ಆ ಚೀಟಿಯನ್ನು ಅಂಗಡಿಯ ಮೇಜಿನ ಮೇಲೆ ಇಡಿ.